ಗುರ್ಲಹೊಸೂರಿನ ಲಕ್ಷ್ಮಣರಾವ್: ಸೈಕಲ್ ಅಂಗಡಿಯಿಂದ ಲೇತಿನವರೆಗೆ

ನಮ್ಮ ವರ್ಕ್‌ಶಾಪಿನಲ್ಲಿ ಬಾಗಿಲ ಪಕ್ಕದ ಲೇತು ಯಾರಿಗೂ ಬೇಡ. ಹಾಜರಿ ಮುಗಿದ ಕೂಡಲೇ ಎಲ್ಲರೂ ಹೊಸ ಮಷಿನ್ ಕಡೆ ಓಡ್ತಾರೆ, ತಡವಾಗಿ ಬಂದವರ ಪಾಲಿಗೆ ಆ ಹಳೇದು. ಅದಕ್ಕೆ ಎಷ್ಟು ಸಲ ಹಸಿರು ಬಣ್ಣ ಬಳಿದಿದ್ದಾರೋ ಗೊತ್ತಿಲ್ಲ, ಹೆಸರಿನ ಅಕ್ಷರಗಳು ಬಣ್ಣದೊಳಗೆ ಮುಳುಗಿ ಹೋಗಿವೆ. ಬೆರಳಾಡಿಸಿ ಓದಿದರೆ ಸಿಗುತ್ತೆ: ಮೈಸೂರು ಕಿರ್ಲೋಸ್ಕರ್, ಹರಿಹರ. ನಾನು ಎರಡು ವರ್ಷ ಅದನ್ನು ಬೈಯುತ್ತಾ ಬಂದವನು. ಹೋದ ಬೇಸಿಗೆ ರಜೆಯಲ್ಲಿ ರೋಣದ ನಮ್ಮ ಮನೆ ಹಿತ್ತಲಲ್ಲಿ ನಡೆದ ಒಂದು ಘಟನೆಯಿಂದ ಆ ಹೆಸರಿನ ಹಿಂದೆ ಬಿದ್ದೆ. ಹಂಗಾಗಿ ಈ ಲೇಖನ.

ಘಟನೆ ಅಂದರೆ ದೊಡ್ಡದೇನಲ್ಲ. ನಮ್ಮ ಅಜ್ಜನ ಅಂಬಾಸಿಡರ್, ಮಾರ್ಕ್ 4, ಪೆಟ್ರೋಲ್ ಇಂಜಿನ್. ಹನ್ನೊಂದು ವರ್ಷದಿಂದ ಬೇವಿನ ಮರದ ಕೆಳಗೆ ನಿಂತಿತ್ತು. ಕಾಕಾ ಮತ್ತು ನಾನು ಸೇರಿ ಅದನ್ನು ಓಡಿಸೋದು ಅಂತ ತೀರ್ಮಾನ ಆಯ್ತು. ನನ್ನ ಹತ್ತಿರ ಆನ್‌ಲೈನಿನಲ್ಲಿ ತರಿಸಿದ ಹೊಳೆಯುವ ಟೂಲ್‌ಬಾಕ್ಸ್ ಇತ್ತು. ಮೊದಲನೇ ದಿನವೇ ಒಂದು ನಟ್ಟಿಗೆ 14ರ ಪಾನಾ ಹಾಕಿದೆ, ಕೂರಲಿಲ್ಲ. 15ರದ್ದು ಹಾಕಿದೆ, ಕೂತಿತು, ಜೋರಾಗಿ ಎಳೆದೆ. ನಟ್ಟು ಅಲ್ಲಾಡಲಿಲ್ಲ, ಅದರ ಆರು ಮೂಲೆ ಮಾತ್ರ ಸವೆದು ಗುಂಡಗಾಯ್ತು. ಕಾಕಾ ಏನೂ ಅನ್ನಲಿಲ್ಲ, ಒಳಗೆ ಹೋಗಿ ಅಜ್ಜನ ಗೋಣಿಚೀಲದೊಳಗಿದ್ದ ಹಳೇ ಪಾನಾ ತಂದು ಕೊಟ್ಟ. ಅದರ ಮೇಲೆ 9/16 ಅಂತ ಬರೆದಿತ್ತು.

ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು. ಅದರ ಹಳೇ ಇಂಜಿನ್ನು ಇಂಚಿನ ಲೆಕ್ಕದ್ದು. 9/16 ಇಂಚು ಅಂದರೆ 14.29 ಮಿಲಿಮೀಟರ್. 14ರ ಪಾನಾ ಹೋಗಲ್ಲ, 15ರದ್ದು ಮುಕ್ಕಾಲು ಮಿಲಿಮೀಟರಿನಷ್ಟು ಸಡಿಲ. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹೆಂಗೋ ನಡೆಯುತ್ತೆ, ಯಾಕಂದ್ರೆ ಅದು 12.7, ಆದರೆ ಜಂಗು ಹಿಡಿದ ನಟ್ಟಿಗೆ ಅದೂ ಬೇಡ. ಹಳೇ ಕಾರು ಬಿಚ್ಚೋ ಆಸೆ ಇರುವವರು ಮೊದಲು ಕಾರಿನ ಕುಲಗೋತ್ರ ಕೇಳಿಕೊಳ್ಳಿ. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ ವಂಶದ್ದು, ಅದಕ್ಕೆ ಮಿಲಿಮೀಟರ್ ಪಾನಾ. ಹಳೇ ಅಂಬಾಸಿಡರಿಗೆ ಇಂಚಿನದು. ಪಾನಾ ತಗೊಳ್ಳುವಾಗ ಹನ್ನೆರಡು ಮೂಲೆಯ ಸಾಕೆಟ್ಟಿಗಿಂತ ಆರು ಮೂಲೆಯದನ್ನು ತಗೊಳ್ಳಿ, ನಟ್ಟಿನ ಮೈಯನ್ನು ಅದು ಚೆನ್ನಾಗಿ ಹಿಡಿಯುತ್ತೆ. ಎಳೆಯೋ ಹಿಂದಿನ ದಿನವೇ ಜಂಗು ಬಿಡಿಸೋ ಎಣ್ಣೆ ಬಿಟ್ಟು ಮಲಗಿ.

ಗುಂಡಗಾದ ನಟ್ಟನ್ನು ಚಾಣದಿಂದ ಸೀಳಿ ತೆಗೆದೆವು. ಬೋಲ್ಟೂ ಹಾಳಾಗಿತ್ತು. ಅಂಥ ಬೋಲ್ಟು ರೋಣದಲ್ಲಿ ಸಿಗಲಿಲ್ಲ, ಗಜೇಂದ್ರಗಡದಲ್ಲಿ ಸಿಗಲಿಲ್ಲ. ನರಗುಂದದಲ್ಲಿ ಒಬ್ಬರು ಲೇತು ಇಟ್ಟುಕೊಂಡಿದ್ದಾರೆ ಅಂತ ಕಾಕಾ ಕರೆದೊಯ್ದ. ಆ ಹಿರಿಯರು ಹಳೇ ತುಂಡಿನ ಮೇಲೆ ಥ್ರೆಡ್ ಗೇಜ್ ಇಟ್ಟು ನೋಡಿದರು, ಗೇರು ಬದಲಿಸಿದರು, ಅರ್ಧ ತಾಸಿನಲ್ಲಿ ಬೋಲ್ಟು ಕೈಗಿಟ್ಟರು. ಅವರ ಲೇತಿನ ಮೇಲೂ ಅದೇ ಹೆಸರು, ಹರಿಹರ. ಅದನ್ನು ನೋಡುತ್ತಾ ನಿಂತಿದ್ದ ನನಗೆ ಅವರು ಹೇಳಿದ್ದು, ಈ ಕಿರ್ಲೋಸ್ಕರ್ ಮನುಷ್ಯ ದೂರದವನಲ್ಲ, ಇಲ್ಲೇ ಸವದತ್ತಿ ಕಡೆ ಗುರ್ಲಹೊಸೂರಿನವನು, ಮಲಪ್ರಭೆಯ ನೀರು ಕುಡಿದು ಬೆಳೆದವನು ಅಂತ. ನರಗುಂದದಿಂದ ಸವದತ್ತಿ ಬಸ್ಸು ಹತ್ತಿದರೆ ಸಿನಿಮಾ ಮುಗಿಯೋಷ್ಟು ಹೊತ್ತೂ ಬೇಡ. ನಾನು ಆವರೆಗೂ ಕಿರ್ಲೋಸ್ಕರ್ ಅಂದರೆ ಪುಣೆಯ ಕಂಪನಿ ಅಂದುಕೊಂಡಿದ್ದೆ. ಹೊಲದ ಪಂಪಿನ ಮೇಲೆ ದಿನಾ ಓದಿದ ಹೆಸರು, ಒಂದು ದಿನವೂ ಅದು ಯಾರ ಹೆಸರು ಅಂತ ಕೇಳಿರಲಿಲ್ಲ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು. ಆಗ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಮನೆಮಾತು ಮರಾಠಿ, ಊರ ಮಾತು ಕನ್ನಡ, ಆ ಸೀಮೆಯಲ್ಲಿ ಇವತ್ತಿಗೂ ಎಷ್ಟೋ ಮನೆಗಳ ಕಥೆ ಹಿಂಗೇ. ತಂದೆ ಕಾಶಿನಾಥಪಂತರು ವೇದಾಂತದ ಓದಿನವರು. ಅದೇ ಮನೆತನದ, ಅದೇ ಊರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದವರು. ಹಂಗಾಗಿ ಆ ಮನೆತನದ ಹುಡುಗ ಒಬ್ಬ ಪಂಡಿತನಾಗಬೇಕು, ಇಲ್ಲಾ ಹಾಡಬೇಕು. ಲಕ್ಷ್ಮಣನಿಗೆ ಎರಡೂ ಹತ್ತಲಿಲ್ಲ. ಶಾಲೆಯೂ ಹತ್ತಲಿಲ್ಲ. ಅವನಿಗೆ ಇಷ್ಟ ಇದ್ದದ್ದು ಎರಡೇ: ಚಿತ್ರ ಬಿಡಿಸೋದು, ಯಂತ್ರದ ಕೆಲಸ.

1885ರಲ್ಲಿ, ತಂದೆಗೆ ಮನಸ್ಸಿಲ್ಲದಿದ್ದರೂ, ಹಿರಿಯಣ್ಣ ರಾಮುಅಣ್ಣನ ಸಹಾಯದಿಂದ ಮುಂಬೈಗೆ ಹೋಗಿ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಎರಡು ವರ್ಷ ಆಗುವಷ್ಟರಲ್ಲಿ ಒಂದು ವಿಷಯ ಗೊತ್ತಾಯ್ತು. ಲಕ್ಷ್ಮಣರಾಯರಿಗೆ ಭಾಗಶಃ ಬಣ್ಣಗುರುಡು. ರೇಖೆ ಚೆನ್ನಾಗಿ ಬರುತ್ತೆ, ಬಣ್ಣ ಕೈಕೊಡುತ್ತೆ. ಹದಿನೆಂಟರ ಹರೆಯ, ಅಪ್ಪನ ಮಾತು ಮೀರಿ ಬಂದಿದ್ದು, ಅಣ್ಣನ ದುಡ್ಡು, ಇಷ್ಟೆಲ್ಲ ತಲೆಮೇಲಿರುವಾಗ ಇಂಥ ಸುದ್ದಿ. ಊರಿಗೆ ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಬಣ್ಣ ಬೇಡದ ಚಿತ್ರ ಯಾವುದು ಅಂತ ನೋಡಿದರು. ಮೆಕ್ಯಾನಿಕಲ್ ಡ್ರಾಯಿಂಗ್! ನಾವು ಫಸ್ಟ್ ಇಯರಿನಲ್ಲಿ ಅಳುತ್ತಾ ಪಾಸು ಮಾಡಿದ ಆ ಸಬ್ಜೆಕ್ಟು ಅವರನ್ನು ಉಳಿಸಿತು. ಅದನ್ನು ಕಲಿತು, ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇವತ್ತಿನ ವಿ.ಜೆ.ಟಿ.ಐ.ನಲ್ಲಿ, ಅದನ್ನೇ ಕಲಿಸುವ ಮಾಸ್ತರರಾದರು.

ಮಾಸ್ತರಿಕೆಯ ಜೊತೆಗೆ ಇನ್ನೊಂದು ಲಾಭ ಸಿಕ್ಕಿತು. ಸಂಸ್ಥೆಯ ವರ್ಕ್‌ಶಾಪು. ಪಾಠ ಮುಗಿದ ಮೇಲೆ ಅಲ್ಲಿ ಯಂತ್ರಗಳನ್ನು ನೋಡೋದು, ಮುಟ್ಟೋದು, ಬಿಚ್ಚೋದು, ಜೋಡಿಸೋದು. ಅವರಿಗೆ ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ ಅನ್ನೋದನ್ನು ನೆನಪಿಡಿ. ಕಲಿತದ್ದೆಲ್ಲ ಕೈಯಿಂದ ಮತ್ತು ಅಮೆರಿಕದಿಂದ ಬರುತ್ತಿದ್ದ ತಾಂತ್ರಿಕ ಪತ್ರಿಕೆಗಳಿಂದ. ನಾವೀಗ ವಿಡಿಯೋ ನೋಡಿ ಕಾರ್ಬ್ಯುರೇಟರ್ ಬಿಚ್ಚೋ ಹಂಗೆ, ಅವರು ಪತ್ರಿಕೆ ನೋಡಿ ಮಷಿನ್ ಬಿಚ್ಚುತ್ತಿದ್ದರು.

ಕಿರ್ಲೋಸ್ಕರ್ ಉದ್ಯಮಗಳು ತಮ್ಮ ಹುಟ್ಟು ಎಣಿಸುವುದು 1888ರಿಂದ. ಆ ವರ್ಷ ಬೆಳಗಾವಿಯಲ್ಲಿ ಅಣ್ಣ ತಮ್ಮ ಸೇರಿ ಸೈಕಲ್ ಅಂಗಡಿ ಹಾಕಿದರು. ಲಕ್ಷ್ಮಣರಾವ್ ಮುಂಬೈಯಲ್ಲಿ ಸೈಕಲ್ ಕೊಂಡು ಕಳಿಸೋದು, ರಾಮುಅಣ್ಣ ಬೆಳಗಾವಿಯಲ್ಲಿ ಮಾರೋದು. ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿ. ಆ ಕಾಲದ ಸಾವಿರ ರೂಪಾಯಿ ಅಂದರೆ ಇವತ್ತಿನ ಕಾರಿಗಿಂತ ದೊಡ್ಡ ಮಾತು. ಕೊಂಡವರಿಗೆ ಸೈಕಲ್ ಹೊಡೆಯೋದನ್ನು ಕಲಿಸೋಕೆ ಬೇರೆ 15 ರೂಪಾಯಿ. ರಿಪೇರಿಯೂ ಅಲ್ಲೇ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ 1888 ಸುಮ್ಮನೆ ಬಂದ ವರ್ಷವಲ್ಲ. ಡನ್ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ತಗೊಂಡದ್ದು ಆ ವರ್ಷ. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಕಟ್ಟಿದ ಮೂರು ಗಾಲಿಯ ಮೋಟಾರನ್ನು ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ಹೇಳದೇ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನೂರು ಕಿಲೋಮೀಟರ್ ದೂರದ ತವರಿಗೆ ಓಡಿಸಿಕೊಂಡು ಹೋದದ್ದೂ ಅದೇ ವರ್ಷದ ಆಗಸ್ಟಿನಲ್ಲಿ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು, ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಕಾರಿನ ರಿಪೇರಿ ಶುರುವಾದದ್ದು ಹಂಗೆ, ಕೈಗೆ ಸಿಕ್ಕಿದ್ದರಿಂದ. ಬೆಳಗಾವಿಯಲ್ಲೂ ಹೊಸ ಗಾಡಿ ಬಂತು, ಆದರೆ ಬಿಡಿಭಾಗ ಅದರ ಜೊತೆ ಬರಲಿಲ್ಲ. ಆಗಿನ ಸೈಕಲ್ ಕಂಪನಿಗಳಲ್ಲಿ ಒಬ್ಬರ ಸ್ಕ್ರೂ ಇನ್ನೊಬ್ಬರಿಗೆ ಕೂರುತ್ತಿರಲಿಲ್ಲ. ಬೇರಿಂಗಿನ ಕೋನು ಸವೆದರೆ, ಪೆಡಲಿನ ಥ್ರೆಡ್ ಹೋದರೆ, ಒಂದೋ ಹಡಗು ಕಾಯಬೇಕು, ಇಲ್ಲಾ ತಾವೇ ಮಾಡಬೇಕು. ಆ ಅಂಗಡಿ ಇದ್ದ ರಸ್ತೆಗೆ ಬೆಳಗಾವಿಯಲ್ಲಿ ಈಗಲೂ ಕಿರ್ಲೋಸ್ಕರ್ ರೋಡ್ ಅಂತಾರೆ. ಬಟ್ಟೆ ಖರೀದಿಗೆ ಹೋದ ಎಷ್ಟು ಮಂದಿಗೆ ಇದು ಗೊತ್ತೋ!

ಮುಂಬೈ ನೌಕರಿ ಹಂಗೇ ಮುಂದುವರಿದಿದ್ದರೆ ಲಕ್ಷ್ಮಣರಾವ್ ಪಿಂಚಣಿ ತಗೊಂಡು ಸಾಯುತ್ತಿದ್ದರೋ ಏನೋ. 1890ರ ದಶಕದ ಕೊನೆಯಲ್ಲಿ ಅವರಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅದು ಹೋದದ್ದು ಒಬ್ಬ ಆಂಗ್ಲೋ ಇಂಡಿಯನ್ನನಿಗೆ. ಕಾರಣ ಕೆಲಸವಲ್ಲ, ಚರ್ಮ. ಲಕ್ಷ್ಮಣರಾವ್ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಹೆಂಡತಿ ರಾಧಾಬಾಯಿ, ಸಂಸಾರ, ಕೈಯಲ್ಲಿ ಸೈಕಲ್ ಅಂಗಡಿ ಬಿಟ್ಟರೆ ಬೇರೆ ಆದಾಯ ಇಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ಸಿಕ್ಕ ಕೆಲಸ ಬಿಡೋ ಮೊದಲು ನಾವು ಎಷ್ಟು ಜನರನ್ನು ಕೇಳ್ತೀವಿ ಅಂತ ಯೋಚಿಸಿದರೆ ಅವರ ಧೈರ್ಯದ ಅಂದಾಜು ಸಿಗಬಹುದು.

ಬೆಳಗಾವಿಗೆ ಬಂದ ಮೇಲೆ ಅವರ ಕಣ್ಣು ಸೈಕಲ್ಲಿನಿಂದ ಹೊಲದ ಕಡೆ ತಿರುಗಿತು. ಸೈಕಲ್ ಕೊಳ್ಳೋರು ವಕೀಲರು, ಸಾಹೇಬರು, ಜಹಗೀರದಾರರು, ಅವರು ಎಷ್ಟು ಮಂದಿ ಇದ್ದಾರು? ಸುತ್ತ ಇದ್ದದ್ದು ರೈತರು. ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ನಮ್ಮ ರೋಣದ ಕಡೆಯವರಿಗೆ ಇದನ್ನು ವಿವರಿಸೋದು ಬೇಡ. ಜೋಳದ ಕಣಕಿಯನ್ನು ಇಡಿಯಾಗಿ ಹಾಕಿದರೆ ಎತ್ತು ಎಲೆ ತಿಂದು ದಂಟು ತುಳಿಯುತ್ತೆ. ಕತ್ತರಿಸಿ ಹಾಕಿದರೆ ಅದೇ ಬಣವಿ ಇನ್ನಷ್ಟು ದಿನ ಬರುತ್ತೆ. ಬರಗಾಲದ ಸೀಮೆಯಲ್ಲಿ ಅದು ಸಣ್ಣ ಉಳಿತಾಯವಲ್ಲ. ಯಂತ್ರ ಮಾರಾಟವಾಯ್ತು.

ಆಮೇಲೆ ಕಬ್ಬಿಣದ ನೇಗಿಲು. ಇಲ್ಲಿಯೇ ಅವರು ಸಿಕ್ಕಿಹಾಕಿಕೊಂಡದ್ದು.

ಎರಿ ಭೂಮಿಯಲ್ಲಿ ಕರಕಿ ಹಬ್ಬಿದರೆ ಕಟ್ಟಿಗೆ ರಂಟಿಯಿಂದ ಅದು ಸಾಯಲ್ಲ. ರಂಟಿ ಮೇಲೆ ಮೇಲೆ ಗೀರುತ್ತೆ, ಬೇರು ಕೆಳಗೆ ನಗುತ್ತಾ ಇರುತ್ತೆ. ಕಬ್ಬಿಣದ ನೇಗಿಲು ಮಣ್ಣನ್ನು ಆಳದಿಂದ ಎತ್ತಿ ಮಗುಚಿ ಹಾಕುತ್ತೆ, ಬೇರು ಬಿಸಿಲಿಗೆ ಬಿದ್ದು ಒಣಗುತ್ತೆ. ತಂತ್ರ ಸರಿ ಇತ್ತು. ವಿದೇಶಿ ನೇಗಿಲು ಆಗಲೇ ಇಲ್ಲಿಗೆ ಬರುತ್ತಿದ್ದವು, ಅವನ್ನು ನೋಡಿ ಇಲ್ಲಿಯ ಎತ್ತು, ಇಲ್ಲಿಯ ಮಣ್ಣಿಗೆ ತಕ್ಕಂತೆ ಮಾಡಿದರು. ಆದರೆ ಕೊಳ್ಳೋರಿಲ್ಲ! ಕಬ್ಬಿಣ ಮಣ್ಣಿಗೆ ತಾಗಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರ ನಂಬಿಕೆ. ಮೊದಲ ಕಬ್ಬಿಣದ ನೇಗಿಲು ಮಾರಾಟವಾಗೋಕೆ ಎರಡು ವರ್ಷ ಹಿಡಿಯಿತು. ಎರಡು ವರ್ಷ ಅಂದರೆ ನಾಲ್ಕು ಸೆಮಿಸ್ಟರ್, ಅಷ್ಟು ದಿನ ಮಾಲು ಅಂಗಳದಲ್ಲಿ ಜಂಗು ಹಿಡಿಯುತ್ತಾ ಕೂತಿರೋದು.

ರೈತರ ನಂಬಿಕೆಯನ್ನು ಮೂಢ ಅಂತ ತಳ್ಳಿಹಾಕೋದು ಸುಲಭ. ನನಗೆ ಅದರೊಳಗೆ ಇನ್ನೊಂದು ಲೆಕ್ಕ ಕಾಣುತ್ತೆ. ರಂಟಿ ಮುರಿದರೆ ಊರ ಬಡಿಗೇರ ಸರಿ ಮಾಡ್ತಾನೆ, ಕುಳ ಸವೆದರೆ ಕಂಬಾರ ತಟ್ಟಿ ಕೊಡ್ತಾನೆ, ವರ್ಷಕ್ಕೊಮ್ಮೆ ಕಾಳು ಅಳೆದುಕೊಟ್ಟರೆ ಮುಗಿಯಿತು. ಬೀಡಿನ ನೇಗಿಲು ಮುರಿದರೆ ಯಾರು ಮಾಡಿಕೊಡ್ತಾರೆ? ಬೀಡನ್ನು ಕುಲುಮೆಯಲ್ಲಿ ಕಾಯಿಸಿ ತಟ್ಟಕ್ಕಾಗಲ್ಲ, ಒಡೆದು ಹೋಗುತ್ತೆ. ಬಿಡಿಭಾಗ ಸಿಗದ ಕಾರು ಕೊಳ್ಳೋಕೆ ಇವತ್ತು ನಾವು ಹೆದರೋ ಹಂಗೇ ಅವರೂ ಹೆದರಿರಬಹುದು. ಇಂಗ್ಲೆಂಡಿನ ನೇಗಿಲಿಗೂ ಬೆಳಗಾವಿಯ ನೇಗಿಲಿಗೂ ಇದ್ದ ದೊಡ್ಡ ವ್ಯತ್ಯಾಸ ಇಲ್ಲೇ. ಬೆಳಗಾವಿಯದರ ಕುಳ ಸವೆದರೆ ಹೊಸ ಕುಳ ಬೆಳಗಾವಿಯಲ್ಲೇ ಸಿಗುತ್ತೆ, ಎರಡು ಬೋಲ್ಟು ಬಿಚ್ಚಿ ಹಾಕಿಕೊಂಡರೆ ಆಯ್ತು. ಆದರೆ ಅದು ಸಾಧ್ಯವಾಗಬೇಕಾದರೆ ಪ್ರತಿ ಕುಳದ ತೂತೂ ಪ್ರತಿ ನೇಗಿಲಿಗೂ ಸರಿಯಾಗಿ ಕೂರಬೇಕು. ಮೆಟ್ರಾಲಜಿ ಕ್ಲಾಸಿನಲ್ಲಿ ನಾವು ನಿದ್ದೆ ಮಾಡುವ ಅದಲುಬದಲು ತತ್ವ ಇದೇ.

ಇನ್ನು ಲೋಹದ ಮಾತು. ಕುಳದ ಮೂತಿ ಗಟ್ಟಿ ಇರಬೇಕು, ಇಲ್ಲದಿದ್ದರೆ ಒಂದು ಹಂಗಾಮಿಗೆ ಸವೆಯುತ್ತೆ. ಪೂರ್ತಿ ಗಟ್ಟಿಯಾದರೆ ಕಲ್ಲು ತಾಗಿದಾಗ ಗಾಜಿನ ಹಂಗೆ ಒಡೆಯುತ್ತೆ. ನೇಗಿಲು ಎರಕದವರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಚೆಂದ ಇದೆ. ಮರಳಿನ ಅಚ್ಚಿನಲ್ಲಿ ಮೂತಿ ಬರುವ ಜಾಗಕ್ಕೆ ಮಾತ್ರ ಕಬ್ಬಿಣದ ಗಟ್ಟಿ ಇಡೋದು. ಕರಗಿದ ಬೀಡು ಅಲ್ಲಿಗೆ ತಾಗಿದಾಗ ಗಕ್ಕನೆ ತಣ್ಣಗಾಗುತ್ತೆ, ಅದರೊಳಗಿನ ಇಂಗಾಲಕ್ಕೆ ಗ್ರಾಫೈಟ್ ಆಗೋಕೆ ಪುರಸೊತ್ತು ಸಿಗಲ್ಲ, ಸಿಮೆಂಟೈಟ್ ಆಗಿ ಉಳಿದು ಬಿಳಿ ಬೀಡಾಗುತ್ತೆ, ಬಹಳ ಗಟ್ಟಿ. ಮರಳಿನ ಪಕ್ಕದ ಭಾಗ ನಿಧಾನಕ್ಕೆ ತಣಿದು ಬೂದು ಬೀಡಾಗಿ ಉಳಿಯುತ್ತೆ, ಹೊಡೆತ ತಾಳುತ್ತೆ. ಕಾರಿನ ಹಳೇ ಕ್ಯಾಮ್‌ಶಾಫ್ಟ್ ಕೈಗೆ ಸಿಕ್ಕರೆ ಅದರ ಮೂಗಿನ ಮೇಲೆ ಅರ ಆಡಿಸಿ ನೋಡಿ, ಜಾರುತ್ತೆ. ನಡುವಿನ ದಂಡದ ಮೇಲೆ ಆಡಿಸಿ, ಕಚ್ಚುತ್ತೆ. ಎಷ್ಟೋ ಕ್ಯಾಮ್‌ಶಾಫ್ಟುಗಳಲ್ಲಿ ಇದೇ ವಿದ್ಯೆ ಇದೆ.

ನೇಗಿಲು ನಿಧಾನಕ್ಕೆ ಓಡತೊಡಗಿತು. ಅಷ್ಟರಲ್ಲಿ ಜಾಗಕ್ಕೇ ಕುತ್ತು ಬಂತು. ಊರು ಬೆಳೆಸುವ ಯೋಜನೆಗೆ ಬೇಕು ಅಂತ ಬೆಳಗಾವಿಯಲ್ಲಿ ಅವರ ಕಾರ್ಖಾನೆ ಇದ್ದ ಜಾಗವನ್ನು ಬಿಡಲು ಹೇಳಿದರು. ಮಷಿನ್ ಇವೆ, ಆಳು ಇದ್ದಾರೆ, ನೆಲ ಇಲ್ಲ. ಆಗ ಕೈಹಿಡಿದವರು ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಔಂಧದಲ್ಲಿ ಒಂದು ಸಭಾಮಂಟಪ ಕಟ್ಟುವ ಗುತ್ತಿಗೆ ಲಕ್ಷ್ಮಣರಾಯರದ್ದಾಗಿತ್ತು, ಪರಿಚಯ ಅಲ್ಲಿಯದು. ರಾಜ ಸ್ವತಃ ಚಿತ್ರಕಾರ, ಇವರು ಚಿತ್ರಕಾರನಾಗಬೇಕಿದ್ದವರು, ಮನಸ್ಸು ಕೂಡಿದ್ದರಲ್ಲಿ ಆಶ್ಚರ್ಯವಿಲ್ಲ. ಬಡ್ಡಿ ಇಲ್ಲದೆ 10,000 ರೂಪಾಯಿ ಸಾಲ, ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನು. ಜಮೀನು ಅಂದರೆ ಕಳ್ಳಿ, ಕಲ್ಲು, ನಾಗರಹಾವು. ನೀರಿಲ್ಲ. ರೈಲು ಹಳಿ ಮಾತ್ರ ಇತ್ತು, ಅದೊಂದೇ ಅನುಕೂಲ.

1910ರ ಮಾರ್ಚ್ 10ರಂದು ಅಲ್ಲಿ ಕೆಲಸ ಶುರುವಾಯ್ತು. ಬೆಳಗಾವಿಯಿಂದ ಮನೆಮಠ ಕಿತ್ತುಕೊಂಡು ಅವರ ಹಿಂದೆ ಹೋದವರು ಕೆಲವೇ ಕುಟುಂಬಗಳು. ಆ ತಂಡವನ್ನು ನೋಡಿದರೆ ಇವತ್ತಿನ ಯಾವ ಎಚ್.ಆರ್. ಮ್ಯಾನೇಜರೂ ಒಪ್ಪುತ್ತಿರಲಿಲ್ಲ. ಶಂಭೋರಾವ್ ಜಾಂಭೇಕರ್ ಯಾವ ಯಂತ್ರ ಕೆಟ್ಟರೂ ಸರಿಮಾಡುವ ಕೈ. ರಾಮುಅಣ್ಣ ಊರಿನ ಬೀದಿ, ಮನೆ, ನೀರು ನೋಡಿಕೊಂಡರು. ಅನಂತರಾವ್ ಫಳನೀಕರ್ ಶಾಲೆ ಮುಗಿಸದ ಹುಡುಗ, ಮುಂದೆ ಅಲ್ಲಿ ಇಂಜಿನಿಯರ್ ಕೆಲಸವನ್ನೇ ಮಾಡಿದ. ರಾತ್ರಿ ಕಾವಲಿಗೆ ಇಟ್ಟುಕೊಂಡದ್ದು ಜೈಲಿಗೆ ಹೋಗಿ ಬಂದವರನ್ನು! ಕಳ್ಳತನ ಮಾಡಿ ಬಂದವರ ಕೈಗೆ ಬೀಗ ಕೊಡೋ ಕೆಲಸ ಅದು. ಅವರು ಕಡೇತನಕ ನಿಯತ್ತಿನಿಂದ ಕಾದರು. ಊರಿನೊಳಗೆ ಅಸ್ಪೃಶ್ಯತೆಗೆ ಜಾಗ ಇಲ್ಲ ಅಂತ ಲಕ್ಷ್ಮಣರಾವ್ ನಿಶ್ಚಯಿಸಿದ್ದರು, ಮತ್ತು ಅದು 1910ರ ಮಾತು ಅನ್ನೋದನ್ನು ಮರೆಯಬಾರದು. ಆ ಊರೇ ಕಿರ್ಲೋಸ್ಕರವಾಡಿ, ಈಗ ಸಾಂಗ್ಲಿ ಜಿಲ್ಲೆಯಲ್ಲಿದೆ. ಹುಬ್ಬಳ್ಳಿಯಿಂದ ಪುಣೆಗೆ ಹೋಗುವ ರೈಲಿನ ಕಿಟಕಿಯಲ್ಲಿ ಆ ಬೋರ್ಡು ಕಾಣುತ್ತೆ. ನಾನು ನಿದ್ದೆಯಲ್ಲಿ ಎಷ್ಟು ಸಲ ಅದನ್ನು ದಾಟಿದ್ದೇನೋ.

ನಾಲ್ಕು ವರ್ಷ ಆಗುವಷ್ಟರಲ್ಲಿ ಮೊದಲ ಮಹಾಯುದ್ಧ. ಹೊರಗಿನಿಂದ ಕಬ್ಬಿಣ ಬರೋದು ಕಷ್ಟವಾಯ್ತು, ಕಲ್ಲಿದ್ದಲು ಸಿಗಲಿಲ್ಲ, ಬಣ್ಣ ಬರಲಿಲ್ಲ. ಕಲ್ಲಿದ್ದಲಿನ ಬದಲು ಕಟ್ಟಿಗೆ, ಇದ್ದಲು ಉರಿಸಿದರು. ಬಣ್ಣ ತಾವೇ ತಯಾರಿಸಿದರು. ಬಣ್ಣ ಕಾಣದ ಮನುಷ್ಯ ಬಣ್ಣ ತಯಾರಿಸಿದ ಅನ್ನೋದನ್ನು ಓದಿದಾಗ ನನಗೆ ನಗುವೂ ಬಂತು, ಏನೋ ಒಂಥರಾ ಕೂಡ ಆಯ್ತು. ಕಬ್ಬಿಣಕ್ಕಾಗಿ ಕೊಲ್ಹಾಪುರ ಸಂಸ್ಥಾನದ ಕೋಟೆಗಳಲ್ಲಿ ಸುಮ್ಮನೆ ಬಿದ್ದಿದ್ದ ಹಳೇ ತೋಪುಗಳನ್ನು ತಂದು ಕರಗಿಸಿ ನೇಗಿಲು ಎರಕ ಹೊಯ್ದರು. ನರಗುಂದದ ಬಾಬಾಸಾಹೇಬರ ಗುಡ್ಡವನ್ನು ಚಿಕ್ಕಂದಿನಿಂದ ನೋಡಿದವನಿಗೆ, ತೋಪು ಕರಗಿ ನೇಗಿಲಾಗುವ ಚಿತ್ರ ಕಣ್ಣಮುಂದೆ ಬೇಗ ಬರುತ್ತೆ.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯ್ತು. ಅದೇ ವರ್ಷ ಅಣ್ಣನ ಮಗ ಶಂಕರರಾವ್ ಕಾರ್ಖಾನೆಯ ಸುದ್ದಿಗೆ ಅಂತ ಕಿರ್ಲೋಸ್ಕರ್ ಖಬರ್ ಎಂಬ ಪತ್ರಿಕೆ ಶುರು ಮಾಡಿದ. ಮುಂದೆ ಅದು ಮರಾಠಿಯ ದೊಡ್ಡ ಮಾಸಪತ್ರಿಕೆಗಳಲ್ಲಿ ಒಂದಾಯ್ತು. ಕಬ್ಬು ಅರೆಯುವ ಯಂತ್ರ, ಶೇಂಗಾ ಒಡೆಯುವ ಯಂತ್ರ, ಪಂಪು, ಡೀಸೆಲ್ ಇಂಜಿನ್, ಪಟ್ಟಿ ಬೆಳೆಯುತ್ತಾ ಹೋಯ್ತು. ಮಗ ಶಂತನು ಅಮೆರಿಕದ ಎಂ.ಐ.ಟಿ.ಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 1926ರಲ್ಲಿ ಮುಗಿಸಿದ. ಡಿಗ್ರಿ ಇಲ್ಲದ ಅಪ್ಪನ ಮಗ. ಆ ಕಾಲದ ಹೆಚ್ಚಿನ ವಿವರ ಕಂಪನಿಯ ಇತಿಹಾಸ, ಅದನ್ನು ಬಿಟ್ಟು ಲೇತಿನ ಕಡೆಗೆ ಬರುತ್ತೇನೆ.

ಬೇರೆ ಯಂತ್ರಗಳು ವಸ್ತು ಮಾಡುತ್ತವೆ, ಲೇತು ಯಂತ್ರದ ಭಾಗಗಳನ್ನೇ ಮಾಡುತ್ತೆ, ಇನ್ನೊಂದು ಲೇತಿನ ಭಾಗಗಳನ್ನೂ. ಅದು ದೇಶದೊಳಗೇ ತಯಾರಾಗೋವರೆಗೆ ಎಲ್ಲ ಕಾರ್ಖಾನೆಯ ಜುಟ್ಟು ಹೊರಗಿನವರ ಕೈಯಲ್ಲೇ. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಮೈಸೂರು ಸಂಸ್ಥಾನದ ಗಡಿಯ ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಮೈಸೂರು ಕಿರ್ಲೋಸ್ಕರ್ ಬಂತು. ಅಲ್ಲಿಂದ ಹೊರಟ ಲೇತುಗಳು ಎಲ್ಲೆಲ್ಲಿ ಹೋದವು ಅಂತ ಹುಡುಕಬೇಕಿಲ್ಲ. ಐ.ಟಿ.ಐ.ಗಳಲ್ಲಿ, ಡಿಪೋಗಳಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ತಾಲ್ಲೂಕು ಊರುಗಳ ತಗಡಿನ ಶೆಡ್ಡುಗಳಲ್ಲಿ. ಹರಿಹರದ ಆ ಕಾರ್ಖಾನೆ ಈಗ ಮುಚ್ಚಿದೆ. ಲೇತುಗಳು ಇನ್ನೂ ತಿರುಗುತ್ತಿವೆ, ಬಿಡಿಭಾಗ ಬೇಕಾದರೆ ಒಂದು ಲೇತಿನ ಮೇಲೆ ಇನ್ನೊಂದರದ್ದನ್ನು ಮಾಡಿಕೊಳ್ತಾರೆ.

ನಮ್ಮ ಬಾಗಿಲ ಪಕ್ಕದ ಲೇತಿಗೊಂದು ಗುಣ ಇದೆ, ಅದನ್ನು ಬೈಯುವ ಮುಂಚೆ ತಿಳ್ಕೊಳ್ಳಿ. ಅದರ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು. ಅಂಬಾಸಿಡರಿನಂಥ ಇಂಚಿನ ಥ್ರೆಡ್ ಅದರಲ್ಲಿ ಸರಾಗ. ಮಿಲಿಮೀಟರ್ ಥ್ರೆಡ್ ಬೇಕಾದರೆ 127 ಹಲ್ಲಿನ ಗೇರು ಹಾಕಬೇಕು. ಯಾಕೆ 127? ಒಂದು ಇಂಚು ಸರಿಯಾಗಿ 25.4 ಮಿಲಿಮೀಟರ್, ಅದನ್ನು 5ರಿಂದ ಗುಣಿಸಿದರೆ 127, ಅದಕ್ಕಿಂತ ಸಣ್ಣ ಪೂರ್ಣಸಂಖ್ಯೆಯಲ್ಲಿ ಈ ಲೆಕ್ಕ ಕೂರಲ್ಲ, ಮತ್ತು 127 ಅವಿಭಾಜ್ಯ ಸಂಖ್ಯೆ, ಒಡೆದು ಸಣ್ಣ ಗೇರು ಮಾಡೋಕಾಗಲ್ಲ. ಸ್ಟೋರ್ ರೂಮಿನ ಮೂಲೆಯಲ್ಲಿ ಬಿದ್ದಿರುವ ಆ ಅಗಲದ ಗೇರು ಯಾಕೆ ಅಷ್ಟು ದೊಡ್ಡದು ಅಂತ ಈಗ ಗೊತ್ತಾಯ್ತಲ್ಲ. ದಯವಿಟ್ಟು ಅದನ್ನು ಯಾರೂ ಗುಜರಿಗೆ ಹಾಕಬೇಡಿ.

ಲಕ್ಷ್ಮಣರಾವ್ 1935ರ ಹೊತ್ತಿಗೆ ಕಾರ್ಖಾನೆಯ ಹೊಣೆ ಮುಂದಿನವರಿಗೆ ಬಿಟ್ಟರು. ಕೆಲ ಕಾಲ ಔಂಧದ ದಿವಾನರಾಗಿದ್ದರು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೂ ವಾಸವಾಗಿದ್ದರು. ಅಲ್ಲಿರುವಾಗಲೇ ಅವರ ಬದುಕಿನ ಅತಿ ಕೆಟ್ಟ ಸುದ್ದಿ ಬಂತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯ್ತು. ಕೊಂದವನ ಜಾತಿಯವರು ಅನ್ನೋ ಒಂದೇ ಕಾರಣಕ್ಕೆ ಆ ಸೀಮೆಯಲ್ಲಿ ಬ್ರಾಹ್ಮಣರ ಮನೆ, ಅಂಗಡಿಗಳಿಗೆ ಗುಂಪುಗಳು ಬೆಂಕಿ ಹಚ್ಚಿದವು. ಕಿರ್ಲೋಸ್ಕರವಾಡಿಯ ಕಾರ್ಖಾನೆಯೂ ಸುಟ್ಟಿತು. ಮೂವತ್ತೆಂಟು ವರ್ಷ ಕಳ್ಳಿ ಕಿತ್ತು ಕಟ್ಟಿದ್ದು. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಮರದ ಮಾದರಿಗಳ ವಿಚಾರ. ಎರಕದ ಕೆಲಸ ಮಾಡಿದವರಿಗೆ ಗೊತ್ತು, ಪ್ರತಿ ಭಾಗಕ್ಕೂ ಮೊದಲು ಕಟ್ಟಿಗೆಯಲ್ಲಿ ಮಾದರಿ ಕೆತ್ತಬೇಕು. ಲೇತಿಗೆ ಬೆಂಕಿ ತಾಗಿದರೆ ತೊಳೆದು ಮತ್ತೆ ತಿರುಗಿಸಬಹುದು, ಕಟ್ಟಿಗೆಯ ಮಾದರಿ ಸುಟ್ಟರೆ ಬೂದಿ. ಫೌಂಡ್ರಿಗೆ ಬೆಂಕಿ ಬಿತ್ತು ಅಂದರೆ ಅದರ ನಷ್ಟ ಅಷ್ಟು. ಕಾರ್ಖಾನೆ ಮತ್ತೆ ಎದ್ದು ನಿಂತಿತು, ಇವತ್ತೂ ಅಲ್ಲಿ ಪಂಪು ತಯಾರಾಗುತ್ತಿವೆ.

ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು, ಪುಣೆಯಲ್ಲಿ. ಮೈಸೂರು ರಾಜ್ಯಕ್ಕೆ ಬೆಳಗಾವಿ ಸೇರಲು ಇನ್ನು ಐದಾರು ದಿನವಲ್ಲ, ಒಂದು ತಿಂಗಳ ಮೇಲೆ ಚೂರು ಬಾಕಿ ಇತ್ತು. ಹುಟ್ಟಿದ ಊರು ಕರ್ನಾಟಕದ ಊರಾದದ್ದನ್ನು ಅವರು ನೋಡಲಿಲ್ಲ. 1969ರಲ್ಲಿ ನೂರು ವರ್ಷ ತುಂಬಿದಾಗ ಅಂಚೆ ಇಲಾಖೆ ಅವರ ಚೀಟಿ ತಂದಿತು.

ಅಂಬಾಸಿಡರಿನ ಸ್ಥಿತಿ ಏನಾಯ್ತು ಅಂತ ಕೇಳೋರಿಗೆ: ಇಂಜಿನ್ ಶುರುವಾಗಿದೆ, ಹೊಗೆ ಬಿಡ್ತದೆ. ಬ್ರೇಕಿನ ಸಿಲಿಂಡರಿನ ರಬ್ಬರುಗಳನ್ನೆಲ್ಲ ಹೊಸದು ಹಾಕಿದೆವು. ಹಳೇ ಕಾರಿನಲ್ಲಿ ಬೇರೆ ಯಾವುದನ್ನಾದರೂ ತೊಳೆದು ಮತ್ತೆ ಹಾಕಿ, ಬ್ರೇಕಿನ ರಬ್ಬರ್ ಮತ್ತು ಹೋಸ್ ಮಾತ್ರ ಬೇಡ, ನೂರು ರೂಪಾಯಿ ಉಳಿಸೋ ಜಾಗ ಅದಲ್ಲ. ಗಾಡಿ ಕೆಳಗೆ ನುಗ್ಗುವಾಗ ಜಾಕಿನ ಮೇಲೊಂದೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಹಿಂದಿನ ಎಡಗಾಲಿಯ ಡ್ರಮ್ ಇನ್ನೂ ಬಿಚ್ಚೋಕೆ ಬಂದಿಲ್ಲ, ದಸರಾ ರಜೆಯಲ್ಲಿ ನೋಡೋದು. 9/16ರ ಪಾನಾ ಈಗ ನನ್ನ ಹಾಸ್ಟೆಲ್ ರೂಮಿನಲ್ಲಿದೆ, ಬೇಕಾದವರು ಬಂದು ಒಯ್ಯಿರಿ, ಆದರೆ ವಾಪಸ್ ಕೊಡಿ, ಅದು ಅಜ್ಜನದು.